‘ಸವೆದಿದೆ’ ಅಂದ ಮೇಲೆ

ಸೊಂಟನೋವಿಗೆ ನಮ್ಮ ಸೀಮೆಯಲ್ಲಿ ಇರುವಷ್ಟು ಮಾತುಗಳು ಬೇರೆ ನೋವಿಗೆ ಇಲ್ಲವೇನೋ. ಸೊಂಟ ಹಿಡಿದುಕೊಂಡಿದೆ, ಉಳುಕಿದೆ, ನರ ಎಳೀತಿದೆ, ಕಾಲು ಜೋಮು ಹಿಡಿದಿದೆ. ಇವೆಲ್ಲ ಬಂದು ಹೋಗುವ ನೋವಿನ ಮಾತುಗಳು. ಹಿಡಿದದ್ದು ಬಿಡುತ್ತದೆ ಎಂಬ ನಂಬಿಕೆ ಆ ಮಾತಿನೊಳಗೇ ಇದೆ. ಸ್ಕ್ಯಾನಿಂಗ್ ಆದ ಮೇಲೆ ಸಿಗುವ ಮಾತು ಮಾತ್ರ ಬೇರೆ ಜಾತಿಯದು: ಮೂಳೆ ಸವೆದಿದೆ, ಗ್ಯಾಪ್ ಬಂದಿದೆ. ಸವೆದ ಲಾಳ, ಸವೆದ ಟ್ರ್ಯಾಕ್ಟರ್ ಟೈರು ಮತ್ತೆ ಬೆಳೆಯುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಹಾಗಾಗಿ ಆ ಒಂದು ಪದ ಕಿವಿಗೆ ಬಿದ್ದ ದಿನದಿಂದ, ಕೋಲಾರದ ಮಾರ್ಕೆಟ್ಟಿನಲ್ಲಿ 15 ಕೆ.ಜಿ.ಯ ಟೊಮೆಟೊ ಬಾಕ್ಸನ್ನು ದಿನವಿಡೀ ಎತ್ತುತ್ತಿದ್ದವರು ಮನೆಯಲ್ಲಿ ಬಿಂದಿಗೆ ಎತ್ತಲೂ ಹೆದರುತ್ತಾರೆ. ಹೆದರಿದ ಬೆನ್ನು ಬಿಗಿಯುತ್ತದೆ, ಬಿಗಿದ ಬೆನ್ನು ನೋಯುತ್ತದೆ.

ಆ ಪದವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಸವೆಯುವುದು ಯಾವುದು, ನೋಯುವುದು ಯಾವುದು, ಕೈಯಿಂದ ಒತ್ತಿ ಸರಿಪಡಿಸುವ ಕೈರೋಪ್ರಾಕ್ಟಿಕ್ ಚಿಕಿತ್ಸೆ ಇದರಲ್ಲಿ ಎಲ್ಲಿಯವರೆಗೆ ನೆರವಿಗೆ ಬರುತ್ತದೆ ಎಂಬುದು ಒಂದು ವಿಚಾರ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಬೆನ್ನಿನ ಮೇಲೆ ಯಾರಾದರೂ ಕೈಯಿಡುವ ಮೊದಲು ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಅದು ಇನ್ನೊಂದು ವಿಚಾರ.

ಬೆನ್ನಿನಲ್ಲಿ ಅಲುಗಾಡುವ ಕಶೇರುಗಳು, ಅಂದರೆ ಬೆನ್ನಿನ ಮಣಿಮೂಳೆಗಳು, 24: ಕುತ್ತಿಗೆಯಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5. ಅವುಗಳ ನಡುವೆ, ಕೊನೆಯದರ ಕೆಳಗಿನದೂ ಸೇರಿ, 23 ಡಿಸ್ಕ್‌ಗಳು. ಡಿಸ್ಕ್ ಹೇಗಿರುತ್ತದೆ ಎಂದು ತಿಳಿಯಲು ಬೇಸಿಗೆಯಲ್ಲಿ ರಸ್ತೆ ಬದಿ ಮಾರುವ ತಾಟಿನುಂಗನ್ನು ನೆನೆಸಿಕೊಂಡರೆ ಸಾಕು. ನಡುವೆ ನೀರು ತುಂಬಿದ ಲೋಳೆ, ಸುತ್ತ ಗಟ್ಟಿ ನಾರು. ಆ ನಾರು ಹದಿನೈದರಿಂದ ಇಪ್ಪತ್ತೈದು ಪದರಗಳಲ್ಲಿ ಸುತ್ತಿಕೊಂಡಿರುತ್ತದೆ. ಒಂದು ಪದರದ ಎಳೆ ಎಡಕ್ಕೆ ಓರೆಯಾದರೆ ಮುಂದಿನದು ಬಲಕ್ಕೆ ಓರೆ, ಚಾಪೆ ಹೆಣೆದ ಹಾಗೆ. ಅದಕ್ಕೇ ಬಗ್ಗಿ ತಿರುಗಿದಾಗ ಡಿಸ್ಕಿಗೆ ಕಷ್ಟ. ತಿರುಗಿದ ದಿಕ್ಕಿಗೆ ಅರ್ಧ ಎಳೆಗಳು ಸಡಿಲವಾಗಿ, ಉಳಿದರ್ಧದ ಮೇಲೆಯೇ ಪೂರ್ತಿ ಭಾರ ಬೀಳುತ್ತದೆ.

ದೊಡ್ಡವರ ಡಿಸ್ಕಿನ ಒಳಗೆ ರಕ್ತನಾಳಗಳಿಲ್ಲ. ಮೇಲೆ ಕೆಳಗೆ ಇರುವ ತೆಳುವಾದ ಮೃದ್ವಸ್ಥಿಯ ತಟ್ಟೆಗಳ ಮೂಲಕ ಆಹಾರ ಒಸರಿಕೊಂಡು ಒಳಗೆ ಹೋಗಬೇಕು. ಹಗಲು ಭಾರ ಬಿದ್ದಾಗ ನೀರು ಹೊರಗೆ ಹಿಂಡಿಕೊಳ್ಳುತ್ತದೆ, ರಾತ್ರಿ ಮಲಗಿದಾಗ ಮತ್ತೆ ಹೀರಿಕೊಳ್ಳುತ್ತದೆ. ಬೆಳಗ್ಗೆ ಎದ್ದಾಗ ನಾವು ಸಂಜೆಗಿಂತ ಒಂದೆರಡು ಸೆಂಟಿಮೀಟರ್ ಎತ್ತರ ಇರುವುದು ಇದರಿಂದಲೇ. ವಯಸ್ಸಾದಂತೆ ಆ ತಟ್ಟೆಗಳು ಗಡುಸಾಗುತ್ತವೆ, ನೀರು ಹಿಡಿದಿಡುವ ಅಂಶ ಕಡಿಮೆಯಾಗುತ್ತದೆ, ಡಿಸ್ಕ್ ತಗ್ಗುತ್ತದೆ. ತಗ್ಗಿದ ಡಿಸ್ಕೇ ಎಕ್ಸ್‌ರೇ ನೋಡಿ ಹೇಳುವ ‘ಗ್ಯಾಪ್’ ಕಥೆಯ ಮೂಲ. ಮಾತಿನಲ್ಲಿ ಗ್ಯಾಪ್ ಬಂದಿದೆ ಎನ್ನುತ್ತೇವೆ. ನಿಜಕ್ಕೂ ಅಲ್ಲಿ ಇದ್ದ ಗ್ಯಾಪ್ ಕಡಿಮೆಯಾಗಿರುತ್ತದೆ.

ಡಿಸ್ಕ್ ತಗ್ಗಿದಾಗ ಹಿಂಭಾಗದ ಪುಟ್ಟ ಕೀಲುಗಳ ಮೇಲೆ ಭಾರ ಹೆಚ್ಚುತ್ತದೆ. ಫ್ಯಾಸೆಟ್ ಎನ್ನುವ ಈ ಕೀಲುಗಳು ಪ್ರತಿ ಮಟ್ಟದಲ್ಲೂ ಎಡಕ್ಕೊಂದು ಬಲಕ್ಕೊಂದು ಇವೆ. ಭಾರ ಹಂಚಿಕೊಳ್ಳಲು ಮೂಳೆ ಅಂಚಿನಲ್ಲಿ ಬೆಳೆಯುತ್ತದೆ, ಅದನ್ನೇ ಮುಳ್ಳು ಎನ್ನುತ್ತಾರೆ. ಮೂಳೆಗಳನ್ನು ಕಟ್ಟಿದ ಒಳಗಿನ ಅಸ್ಥಿಬಂಧ ದಪ್ಪವಾಗುತ್ತದೆ, ನರ ಹೋಗುವ ಓಣಿ ಕಿರಿದಾಗುತ್ತದೆ. ಸವೆತ ಎಂದು ಕರೆಯುವುದರಲ್ಲಿ ಅರ್ಧ ಭಾಗ ಹೀಗೆ ಹೊಸದಾಗಿ ಬೆಳೆದದ್ದೇ. ದೇಹ ತನ್ನನ್ನು ತಾನು ಆನಿಸಿಕೊಳ್ಳಲು ಕಟ್ಟಿಕೊಂಡ ಊರುಗೋಲು ಅದು.

ಇಷ್ಟೆಲ್ಲ ಆದರೂ ನೋವು ಬರಲೇಬೇಕೆಂದಿಲ್ಲ. 2015ರಲ್ಲಿ ಪ್ರಕಟವಾದ ವಿಮರ್ಶೆಯೊಂದು, ಬೆನ್ನುನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿತು. ಇಪ್ಪತ್ತರ ವಯಸ್ಸಿನಲ್ಲೇ ಶೇ. 37 ಮಂದಿಗೆ ಡಿಸ್ಕ್ ಸವೆತ ಇತ್ತು. ಎಂಬತ್ತರಲ್ಲಿ ಶೇ. 96. ಡಿಸ್ಕ್ ಉಬ್ಬಿರುವುದು ಇಪ್ಪತ್ತರಲ್ಲಿ ಶೇ. 30, ಎಂಬತ್ತರಲ್ಲಿ ಶೇ. 84. ಕೂದಲು ನರೆತ ಹಾಗೆ ಎನ್ನಬಹುದು. ಎಂಆರ್‌ಐ ರಿಪೋರ್ಟಿನ ಎರಡು ಪುಟ ಓದಿ ಎದೆ ಒಡೆದುಕೊಳ್ಳುವ ಮೊದಲು ಈ ಸಂಖ್ಯೆಗಳನ್ನು ಯಾರಾದರೂ ಹೇಳಿದ್ದರೆ ಎಷ್ಟೋ ಮನೆಗಳ ರಾತ್ರಿ ನಿದ್ದೆ ಉಳಿಯುತ್ತಿತ್ತು.

ಹಾಗಾದರೆ ನೋವು ಎಲ್ಲಿಂದ? ನಾಲ್ಕು ದಾರಿಗಳಿವೆ, ಪ್ರತಿಯೊಂದಕ್ಕೂ ತನ್ನದೇ ನಡತೆ.

ಆರೋಗ್ಯವಾದ ಡಿಸ್ಕಿನಲ್ಲಿ ನೋವು ತಿಳಿಯುವ ನರಗಳು ಹೊರಗಿನ ಮೂರನೇ ಒಂದು ಪಾಲಿನಲ್ಲಷ್ಟೇ ಇರುತ್ತವೆ. ನಾರು ಬಿರಿದಾಗ ಆ ಬಿರುಕಿನ ಜಾಡು ಹಿಡಿದು ನರದ ಎಳೆಗಳು ಒಳಗೆ ಬೆಳೆಯುತ್ತವೆ. ಈ ನೋವು ಬಗ್ಗಿದಾಗ, ಹೆಚ್ಚು ಹೊತ್ತು ಕೂತಾಗ, ಕೆಮ್ಮಿದಾಗ ಜಾಸ್ತಿ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯಲು ಚರಕದ ಮುಂದೆ ಗಂಟೆಗಟ್ಟಲೆ ಮುಂದಕ್ಕೆ ವಾಲಿ ಕೂರುವವರ, ಪಾವಗಡದಲ್ಲಿ ಕಡಲೆಕಾಯಿ ಹೊಲದಲ್ಲಿ ಬಗ್ಗಿ ಕಳೆ ಕೀಳುವವರ ನೋವು ಸಾಮಾನ್ಯವಾಗಿ ಈ ಬಗೆಯದು.

ಫ್ಯಾಸೆಟ್ ಕೀಲಿನ ನೋವು ಇದಕ್ಕೆ ತದ್ವಿರುದ್ಧ. ಹಿಂದಕ್ಕೆ ಬಾಗಿದಾಗ, ನಿಂತೇ ಇದ್ದಾಗ ಹೆಚ್ಚುತ್ತದೆ, ಕೂತರೆ ತಗ್ಗುತ್ತದೆ. ಚಿಕ್ಕಬಳ್ಳಾಪುರದ ದ್ರಾಕ್ಷಿ ಚಪ್ಪರದ ಕೆಳಗೆ ಕತ್ತೆತ್ತಿ, ಕೈಯೆತ್ತಿ ಚಾಟನಿ ಮಾಡುವವರಿಗೆ ಕುತ್ತಿಗೆಯಲ್ಲಿ ಬರುವುದು ಇದೇ.

ನರದ ಬೇರು ಕೆರಳಿದರೆ ಸಯಾಟಿಕಾ, ಅಂದರೆ ಸೊಂಟದಿಂದ ಕಾಲಿಗೆ ಇಳಿಯುವ ನೋವು. ಡಿಸ್ಕ್ ಹೊರಬರುವ ಪ್ರಕರಣಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಸೊಂಟದ ಕೊನೆಯ ಎರಡು ಮಟ್ಟಗಳಲ್ಲೇ, ಅಂದರೆ ಎಲ್4–ಎಲ್5 (ಸೊಂಟದ ನಾಲ್ಕನೇ, ಐದನೇ ಕಶೇರುಗಳ ನಡುವೆ) ಮತ್ತು ಎಲ್5–ಎಸ್1ರಲ್ಲೇ (ಐದನೆಯದಕ್ಕೂ ಅದರ ಕೆಳಗಿನ ತ್ರಿಕಾಸ್ಥಿಗೂ ನಡುವೆ) ಆಗುತ್ತವೆ. ಎಲ್5 ನರವಾದರೆ ಪಾದದ ಮೇಲ್ಭಾಗ, ಹೆಬ್ಬೆರಳು ಜೋಮು. ಹಿಮ್ಮಡಿಯ ಮೇಲೆ ನಡೆಯುವುದು ಕಷ್ಟ. ಎಸ್1 ಆದರೆ ಪಾದದ ಹೊರಅಂಚು, ಕಿರುಬೆರಳು. ತುದಿಗಾಲಲ್ಲಿ ನಡೆಯುವುದು ಕಷ್ಟ. ಇಲ್ಲಿ ಬರೀ ಒತ್ತುವಿಕೆಯಿಂದ ನೋವಾಗುವುದಿಲ್ಲ. ಹೊರಬಂದ ಲೋಳೆಯ ರಾಸಾಯನಿಕಗಳು ನರವನ್ನು ಉರಿಯೂತಕ್ಕೆ ತಳ್ಳುತ್ತವೆ. ಸಮಾಧಾನದ ಮಾತೂ ಇಲ್ಲೇ ಇದೆ: ಹೊರಬಂದ ಭಾಗವನ್ನು ಎಷ್ಟೋ ಸಲ ದೇಹವೇ ಕರಗಿಸಿಕೊಳ್ಳುತ್ತದೆ, ಬಹುಪಾಲು ಜನರಿಗೆ 6ರಿಂದ 12 ವಾರಗಳಲ್ಲಿ ಕಾಲಿನ ನೋವು ಗಣನೀಯವಾಗಿ ಇಳಿಯುತ್ತದೆ.

ನಾಲ್ಕನೆಯದು ಓಣಿ ಕಿರಿದಾದದ್ದು, ಹೆಚ್ಚಾಗಿ ಅರವತ್ತು ದಾಟಿದವರಲ್ಲಿ. ಸ್ವಲ್ಪ ದೂರ ನಡೆದರೆ ಎರಡೂ ಕಾಲು ಭಾರ, ಕೂತರೆ ಹಗುರ. ಸಂತೆಗೆ ನಡೆದು ಹೋಗಲಾಗದ ಅಜ್ಜ ಸೈಕಲ್ ತುಳಿದುಕೊಂಡು ಹೋಗಿ ಬರುತ್ತಾನೆ, ಏಕೆಂದರೆ ಹ್ಯಾಂಡಲ್ ಮೇಲೆ ಬಾಗಿದಾಗ ಓಣಿ ಅಗಲವಾಗುತ್ತದೆ. ಮನೆಯವರು ಇದನ್ನು ಸೋಗು ಎಂದುಕೊಳ್ಳಬಾರದು.

ಇನ್ನು ಕೈಯ ವಿಚಾರ.

ಬೆನ್ನಿಗೆ ಕೈಯಿಡುವುದು ನಮಗೆ ಹೊಸದಲ್ಲ. ಉಳುಕು ತೆಗೆಯುವವರು ಪ್ರತಿ ಹೋಬಳಿಯಲ್ಲೂ ಇದ್ದರು. ಕಾಲು ಮುಂದಾಗಿ ಹುಟ್ಟಿದವರ ಕಾಲು ಸೋಕಿದರೆ ಉಳುಕು ಬಿಡುತ್ತದೆ ಎಂಬ ನಂಬಿಕೆ ಇನ್ನೂ ಇದೆ. ಕೈರೋಪ್ರಾಕ್ಟಿಕ್ ಹುಟ್ಟಿದ್ದು ಅಮೆರಿಕದ ಅಯೋವಾ ರಾಜ್ಯದ ಡಾವನ್‌ಪೋರ್ಟಿನಲ್ಲಿ, 1895ರ ಸೆಪ್ಟೆಂಬರ್ 18ರಂದು ಎಂದು ಆ ವೃತ್ತಿಯವರು ಲೆಕ್ಕ ಇಡುತ್ತಾರೆ. ಡಿ.ಡಿ. ಪಾಮರ್ ಅದನ್ನು ಆರಂಭಿಸಿದವರು. ಕಶೇರು ಜರುಗಿ ನರ ಅದುಮಿಕೊಂಡರೆ ದೇಹದ ಬಹುಪಾಲು ಕಾಯಿಲೆಗಳು ಬರುತ್ತವೆ ಎಂಬುದು ಅವರ ವಾದ. ಆ ವಾದಕ್ಕೆ ವಿಜ್ಞಾನದ ಬೆಂಬಲ ಸಿಗಲಿಲ್ಲ. ಸಕ್ಕರೆ ಕಾಯಿಲೆ, ಬಿ.ಪಿ., ಮಕ್ಕಳ ಅಸ್ತಮಾಗಳನ್ನು ಬೆನ್ನು ಒತ್ತಿ ಗುಣಪಡಿಸುತ್ತೇವೆ ಎನ್ನುವವರ ಬಳಿ ಹೋಗಬಾರದು, ಅಷ್ಟೇ. ಆದರೆ ವಾದ ಬಿದ್ದುಹೋದರೂ ಕೈಚಳಕ ಉಳಿಯಿತು. ಸೊಂಟನೋವಿನ ಮಟ್ಟಿಗೆ ಅದನ್ನು ಗಂಭೀರವಾಗಿ ಪರೀಕ್ಷಿಸಿ ನೋಡಿದ್ದಾರೆ.

ಮುಖ್ಯ ವಿಧಾನ ಹೀಗಿದೆ. ರೋಗಿಯನ್ನು ಮಗ್ಗುಲಿಗೆ ಮಲಗಿಸುತ್ತಾರೆ. ಕೆಳಗಿನ ಕಾಲು ನೇರ, ಮೇಲಿನ ಕಾಲು ಮಡಿಸಿ. ಭುಜವನ್ನು ಹಿಂದಕ್ಕೂ ಸೊಂಟವನ್ನು ಮುಂದಕ್ಕೂ ನಿಧಾನವಾಗಿ ತಿರುಗಿಸಿ, ಕೀಲಿನ ಸಡಿಲ ಪೂರ್ತಿ ಮುಗಿಯುವ ತನಕ ಒಯ್ದು, ಅಲ್ಲಿಂದ ಒಂದು ಸೆಕೆಂಡಿನ ಐದನೇ ಒಂದು ಭಾಗದಷ್ಟೇ ಹೊತ್ತಿನ ಚಿಕ್ಕ, ಚುರುಕು ಒತ್ತು. ಟಕ್ ಎಂಬ ಸದ್ದು. ಮೂಳೆ ಸ್ವಸ್ಥಾನಕ್ಕೆ ಕೂತ ಸದ್ದು ಅದು ಎಂದು ಎಷ್ಟೋ ಜನ ನಂಬಿದ್ದಾರೆ. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಎಂಆರ್‌ಐ ಯಂತ್ರದೊಳಗೇ ಬೆರಳ ನೆಟಿಕೆ ತೆಗೆಸಿ ನೋಡಿದರು: ಕೀಲಿನ ದ್ರವದಲ್ಲಿ ಗಾಳಿಯ ಗುಳ್ಳೆಯೊಂದು ಮೂಡುವ ಕ್ಷಣಕ್ಕೇ ಸದ್ದು ಬರುತ್ತದೆ. ಬೆನ್ನಿನಲ್ಲೂ ಹಾಗೆಯೇ ಇರಬಹುದು. ಸದ್ದು ಬಂದರೆ ಲಾಭ ಹೆಚ್ಚು, ಬರದಿದ್ದರೆ ವ್ಯರ್ಥ ಎನ್ನುವುದಕ್ಕೆ ಆಧಾರವಿಲ್ಲ.

ಹಾಗಿದ್ದರೆ ಒತ್ತಿನಿಂದ ಆಗುವುದೇನು? ಫ್ಯಾಸೆಟ್ ಕೀಲಿನ ಚೀಲ, ಅದರ ಪಕ್ಕದ ಪುಟ್ಟ ಸ್ನಾಯುಗಳು ಥಟ್ಟನೆ ಹಿಗ್ಗುತ್ತವೆ. ಅಲ್ಲಿಂದ ಮಿದುಳುಬಳ್ಳಿಗೆ ಸುದ್ದಿಯ ಮಳೆ ಹೋಗುತ್ತದೆ. ಬಿಗಿ ಹಿಡಿದಿದ್ದ ಸ್ನಾಯು ಸಡಿಲುತ್ತದೆ, ನೋವಿನ ಸಂಕೇತ ಸ್ವಲ್ಪ ಹೊತ್ತು ತಗ್ಗುತ್ತದೆ. ಕೆಲವು ಗಂಟೆ, ಹೆಚ್ಚೆಂದರೆ ಕೆಲವು ದಿನ. ಡಿಸ್ಕಿನೊಳಗೆ ನೀರು ಮರಳುವುದಿಲ್ಲ, ಮುಳ್ಳು ಕರಗುವುದಿಲ್ಲ, ಹೊರಬಂದ ಡಿಸ್ಕ್ ಒಳಗೆ ಹೋಗುವುದಿಲ್ಲ. ಸಿಗುವುದು ಬಿಡುವು ಮಾತ್ರ. ಆ ಬಿಡುವಿನಲ್ಲಿ ನಡೆದು, ಬಾಗಿ, ಸ್ನಾಯುವನ್ನು ದುಡಿಸಿಕೊಂಡವರಿಗೆ ಲಾಭ ನಿಲ್ಲುತ್ತದೆ. ಮನೆಗೆ ಬಂದು ಮಲಗಿದವರಿಗೆ ಮುಂದಿನ ವಾರ ಅದೇ ನೋವು.

ಪುರಾವೆ ಹೇಳುವುದೂ ಇದನ್ನೇ. 2019ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ವಿಮರ್ಶೆ 47 ಪ್ರಯೋಗಗಳನ್ನು ಕೂಡಿಸಿ ನೋಡಿತು. ದೀರ್ಘಕಾಲದ ಸೊಂಟನೋವಿಗೆ ಕೈಯೊತ್ತಿನ ಚಿಕಿತ್ಸೆ ವ್ಯಾಯಾಮದಂಥ ಶಿಫಾರಸಾದ ಚಿಕಿತ್ಸೆಗಳಷ್ಟೇ ಫಲ ಕೊಡುತ್ತದೆ, ಅದಕ್ಕಿಂತ ಮೇಲಲ್ಲ. ಬ್ರಿಟನ್ನಿನ 2016ರ ಮಾರ್ಗಸೂಚಿ ಇದನ್ನು ವ್ಯಾಯಾಮದ ಜೊತೆಗೆ ಸೇರಿಸಿ ಮಾತ್ರ ಒಪ್ಪುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿಯಲ್ಲೂ ಇದಕ್ಕೆ ಜಾಗವಿದೆ. ಅಂದರೆ ಇದು ಪವಾಡವೂ ಅಲ್ಲ, ಮೋಸವೂ ಅಲ್ಲ. ನೋವಿನ ಮಾತ್ರೆ ನುಂಗಿ ಹೊಟ್ಟೆ, ಮೂತ್ರಪಿಂಡ ಹಾಳುಮಾಡಿಕೊಳ್ಳುವುದಕ್ಕಿಂತ ಮೇಲಾದ ಒಂದು ದಾರಿ.

ಎಲ್ಲ ಬೆನ್ನಿಗೂ ಒಂದೇ ಒತ್ತು ಸಲ್ಲದು. ಓಣಿ ಕಿರಿದಾದವರಿಗೆ, ಸಯಾಟಿಕಾ ಇರುವವರಿಗೆ ನಡುಭಾಗದಲ್ಲಿ ಮಡಿದು ಕೆಳಕ್ಕೆ ಬಾಗುವ ಮೇಜಿನ ಮೇಲೆ ಬೋರಲು ಮಲಗಿಸಿ, ನಿಧಾನವಾಗಿ ಎಳೆದು ಬಿಡುವ ವಿಧಾನ ಇದೆ. ವಯಸ್ಸಾದವರಿಗೆ ಸ್ಪ್ರಿಂಗ್ ಇರುವ ಪುಟ್ಟ ಉಪಕರಣದಿಂದ ಹಗುರವಾಗಿ ತಟ್ಟುತ್ತಾರೆ. ಕುತ್ತಿಗೆಯನ್ನು ಜೋರಾಗಿ ತಿರುಗಿಸುವುದರಲ್ಲಂತೂ ಅಪಾಯವಿದೆ. ಮಿದುಳಿಗೆ ಹೋಗುವ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ಆಗಬಹುದು. ಅಪರೂಪ, ಆದರೆ ಆಗಿಬಿಟ್ಟರೆ ಬದುಕೇ ಮಗುಚುತ್ತದೆ. ಕ್ಷೌರದಂಗಡಿಯಲ್ಲಿ ತಲೆ ತಿಕ್ಕಿ, ಕೊನೆಗೆ ಗದ್ದ ಹಿಡಿದು ಕುತ್ತಿಗೆಯನ್ನು ಎರಡೂ ಕಡೆ ಲಟಕ್ ಎನಿಸುವುದನ್ನು ಇವತ್ತೇ ನಿಲ್ಲಿಸಿ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೂ ಬೇಡ ಎನ್ನಿ.

ಚಿಕಿತ್ಸೆ ಕೊಡುವವರು ಕೈಯಿಡುವ ಮೊದಲು ಅರ್ಧ ಗಂಟೆಯಾದರೂ ಕೇಳಿ, ಪರೀಕ್ಷಿಸಬೇಕು. ಮಲಗಿಸಿ ನೇರ ಕಾಲನ್ನು ಎತ್ತಿ ಯಾವ ಕೋನದಲ್ಲಿ ನೋವು ಕಾಲಿಗೆ ಇಳಿಯುತ್ತದೆ ಎಂದು ನೋಡಬೇಕು, ತುದಿಗಾಲು ಮತ್ತು ಹಿಮ್ಮಡಿಯ ಮೇಲೆ ನಡೆಸಬೇಕು, ಮಂಡಿ ಮತ್ತು ಹಿಮ್ಮಡಿಯ ಹಿಂಭಾಗಕ್ಕೆ ಸುತ್ತಿಗೆ ತಟ್ಟಬೇಕು. ಮೂತ್ರ ಕಟ್ಟಿದೆಯೇ, ತೊಡೆ ಸಂದು ಮತ್ತು ಗುದದ ಸುತ್ತ ಸ್ಪರ್ಶ ಹೋಗಿದೆಯೇ ಎಂದು ನಾಚಿಕೆ ಬಿಟ್ಟು ಕೇಳಬೇಕು. ಹೌದು ಎಂದರೆ ಅದೇ ದಿನ ದೊಡ್ಡ ಆಸ್ಪತ್ರೆ. ತಡಮಾಡಿದರೆ ಮೂತ್ರದ ಹಿಡಿತ ಶಾಶ್ವತವಾಗಿ ಹೋಗಬಹುದು. ಸಂಜೆ ಜ್ವರ, ತೂಕ ಇಳಿಯುವುದು, ರಾತ್ರಿ ಎಬ್ಬಿಸುವ ನೋವು ಇದ್ದರೆ ಬೆನ್ನುಮೂಳೆಯ ಕ್ಷಯ ಅಥವಾ ಗೆಡ್ಡೆಯ ಅನುಮಾನ. ಮೂಳೆ ಟೊಳ್ಳಾದವರು, ವರ್ಷಗಟ್ಟಲೆ ಸ್ಟೀರಾಯ್ಡ್ ತಿಂದವರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಕಾಲಿನ ಬಲ ದಿನದಿಂದ ದಿನಕ್ಕೆ ಇಳಿಯುತ್ತಿರುವವರು ಚುರುಕು ಒತ್ತಿಗೆ ಒಡ್ಡಿಕೊಳ್ಳಬಾರದು.

ಇದೆಲ್ಲ ಯಾವ ಊರಿಗೂ ಸಲ್ಲುವ ಪಟ್ಟಿ. ನಮ್ಮ ಮೂರು ಜಿಲ್ಲೆಗಳಲ್ಲಿ ಇದಕ್ಕೆ ಇನ್ನೊಂದು ಪ್ರಶ್ನೆ ಸೇರುತ್ತದೆ: ಎಷ್ಟು ವರ್ಷ ಯಾವ ನೀರು ಕುಡಿದಿರಿ?

ಕೆರೆ, ತೆರೆದ ಬಾವಿಗಳ ನೀರು ಕುಡಿಯುತ್ತಿದ್ದ ಊರುಗಳು ಕೊಳವೆ ಬಾವಿಗೆ ಬಂದವು, ಕೊಳವೆ ಸಾವಿರ ಅಡಿ ದಾಟಿತು. ಗ್ರಾನೈಟ್ ಬಂಡೆಯ ಸಂದಿನಲ್ಲಿ ಬಹುಕಾಲ ನಿಂತ ನೀರಿಗೆ ಫ್ಲೋರೈಡ್ ಕರಗಿಕೊಂಡಿರುತ್ತದೆ. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಇದು ಹಳೆಯ ಸಂಕಟ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ. ಅದನ್ನು ಮೀರಿದ ನೀರನ್ನು ಹತ್ತಾರು ವರ್ಷ ಕುಡಿದರೆ ಫ್ಲೋರೈಡ್ ಮೂಳೆಯಲ್ಲಿ ಕೂರುತ್ತದೆ. ಮೂಳೆ ಎಕ್ಸ್‌ರೇಯಲ್ಲಿ ಬೆಳ್ಳಗೆ, ದಟ್ಟವಾಗಿ ಕಾಣುತ್ತದೆ, ಆದರೆ ಪೆಡಸು. ಕಶೇರುಗಳನ್ನು ಕಟ್ಟಿದ ಅಸ್ಥಿಬಂಧಗಳು ಸುಣ್ಣಗಟ್ಟುತ್ತವೆ. ಅಂಚುಗಳಲ್ಲಿ ಮುಳ್ಳು, ಬೆನ್ನು ಬಿಗಿತ, ಓಣಿ ಕಿರಿದು: ಮೇಲೆ ಹೇಳಿದ ಸವೆತದ ಎಲ್ಲ ಗುರುತುಗಳೂ ಇಲ್ಲಿವೆ. ‘ವಯಸ್ಸಾಯ್ತು, ಸವೆದಿದೆ’ ಎಂದು ಚೀಟಿ ಬರೆದು ಕಳಿಸುವುದು ಬಲು ಸುಲಭ.

ಬಿದಿರಿನಂತೆ ಬಿಗಿದು ಪೆಡಸಾದ ಬೆನ್ನಿಗೆ ಚುರುಕು ಒತ್ತು ಕೊಟ್ಟರೆ ಮೂಳೆ ಮುರಿಯಬಹುದು, ಒಳಗಿನ ಮಿದುಳುಬಳ್ಳಿಗೆ ಪೆಟ್ಟಾಗಬಹುದು. ಆದ್ದರಿಂದ ಮನೆಯಲ್ಲೇ ಮೂರು ಪರೀಕ್ಷೆ ಮಾಡಿಕೊಳ್ಳಬೇಕು. ಮಂಡಿ ಮಡಿಸದೆ ಬಗ್ಗಿ ನೆಲ ಅಥವಾ ಕಾಲ್ಬೆರಳು ಮುಟ್ಟುವುದು. ಗದ್ದವನ್ನು ಎದೆಗೆ ತಾಗಿಸುವುದು. ಎರಡೂ ಕೈ ಚಾಚಿ, ಮಡಿಸಿ, ತಲೆಯ ಹಿಂಭಾಗ ಮುಟ್ಟುವುದು. ಮೂರೂ ಆಗದೆ, ಹಲ್ಲಿನ ಮೇಲೆ ಹಳದಿ ಕಂದು ಪಟ್ಟೆಗಳಿದ್ದು, ಊರಿನ ನೀರೂ ಅಂಥದ್ದೇ ಆಗಿದ್ದರೆ ಅನುಮಾನ ಬಲವಾಗುತ್ತದೆ. ನಲವತ್ತಕ್ಕೇ ಬೆನ್ನು ಮರಗಟ್ಟಿದ್ದರಂತೂ ವಯಸ್ಸಿನ ತಲೆಗೆ ಕಟ್ಟಬೇಡಿ. ಮುಂಗೈಯ ಎಕ್ಸ್‌ರೇ ತೆಗೆಸಿದರೆ ಎರಡು ಮೂಳೆಗಳ ನಡುವಿನ ಪೊರೆ ಸುಣ್ಣಗಟ್ಟಿರುವುದು ಕಾಣುತ್ತದೆ. ವಯಸ್ಸಿನ ಸವೆತದಲ್ಲಿ ಅದು ಇರುವುದಿಲ್ಲ. ಮೂತ್ರದ ಫ್ಲೋರೈಡ್ ಪರೀಕ್ಷೆಯೂ ಇದೆ.

ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಸಾಂದ್ರವಾಗುತ್ತದೆ. ಶುದ್ಧ ನೀರಿನ ಘಟಕದ ನೀರನ್ನು ಕುಡಿಯಲು ಮಾತ್ರ ಇಟ್ಟುಕೊಂಡು ಮುದ್ದೆಗೆ, ಸಾರಿಗೆ, ಅನ್ನಕ್ಕೆ ಬೋರ್ ನೀರನ್ನೇ ಬಳಸುವ ಮನೆಗಳೇ ಹೆಚ್ಚು. ಅಡುಗೆಯ ನೀರೂ ಹೊಟ್ಟೆಗೇ ಹೋಗುತ್ತದೆ.

ಇದಾವುದೂ ಇಲ್ಲ, ಸಾಮಾನ್ಯ ಸವೆತದ ನೋವು ಎಂದು ಗೊತ್ತಾದ ಮೇಲೆ ಚಿಕಿತ್ಸೆಗೆ ಹೋಗುವವರಿಗೆ ಲೆಕ್ಕ ಹೀಗಿರಲಿ. ವಾರಕ್ಕೆ ಎರಡರಂತೆ ಮೂರು ವಾರ, ಆರು ಸಲ. ಮೊದಲ ಒಂದೆರಡು ದಿನ ಮೈಕೈ ನೋವು ಹೆಚ್ಚುವುದು ಸಹಜ. ಆರಂಭಕ್ಕೆ ಮೊದಲೇ ಒಂದು ಅಳತೆ ಬರೆದಿಡಿ: ಎಷ್ಟು ನಿಮಿಷ ನಿಲ್ಲಬಲ್ಲೆ, ಎಷ್ಟು ದೂರ ನಡೆಯಬಲ್ಲೆ, ನೋವು ಕಾಲಿನಲ್ಲಿ ಎಲ್ಲಿಯವರೆಗೆ ಇಳಿಯುತ್ತದೆ. ಪಾದದಲ್ಲಿದ್ದ ನೋವು ಮೀನಖಂಡಕ್ಕೆ, ಅಲ್ಲಿಂದ ತೊಡೆಗೆ ಹಿಂದೆಗೆಯುತ್ತಿದ್ದರೆ ಸೊಂಟದಲ್ಲಿ ತುಸು ಹೆಚ್ಚಿದರೂ ಒಳ್ಳೆಯ ಗುರುತು. ಕೆಳಕ್ಕಿಳಿಯುತ್ತಿದ್ದರೆ ನಿಲ್ಲಿಸಿ. ಆರು ಸಲಕ್ಕೂ ಅಳತೆ ಬದಲಾಗದಿದ್ದರೆ ಏಳನೆಯದು ಬೇಡ. ಮೊದಲ ದಿನವೇ ನಲವತ್ತು ಸಿಟ್ಟಿಂಗಿನ ಪ್ಯಾಕೇಜು ಮುಂಗಡ ಕೇಳುವ ಕಡೆ ಕೂರಲೇಬೇಡಿ.

ಭಾರತದಲ್ಲಿ ಕೈರೋಪ್ರಾಕ್ಟಿಕ್‌ಗೆ ಪ್ರತ್ಯೇಕ ಶಾಸನಬದ್ಧ ಕೌನ್ಸಿಲ್ ಇಲ್ಲ, ಹಾಗಾಗಿ ಬೋರ್ಡ್ ನೋಡಿ ನಂಬುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಹೇಳಿದ ಪೂರ್ಣ ಶಿಕ್ಷಣದ ಮಟ್ಟ 4,200 ಗಂಟೆಗಳ ಪಾಠ, ಅದರಲ್ಲಿ ಕನಿಷ್ಠ 1,000 ಗಂಟೆ ಮೇಲ್ವಿಚಾರಣೆಯ ಕೆಳಗೆ ರೋಗಿಗಳನ್ನು ನೋಡಿದ ತರಬೇತಿ. ಎಲ್ಲಿ, ಎಷ್ಟು ವರ್ಷ ಓದಿದಿರಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಅಂಥವರನ್ನು ಹುಡುಕಿಕೊಂಡು ಬೆಂಗಳೂರಿಗೆ ಹೋಗುವುದಾದರೆ ಕೋಲಾರದಿಂದಾಗಲಿ ತುಮಕೂರಿನಿಂದಾಗಲಿ ಸುಮಾರು 70 ಕಿ.ಮೀ. ಹೋಗಿ ಬರುವ ನಾಲ್ಕು ಗಂಟೆಯ ಬಸ್ಸಿನ ಕುಲುಕಾಟ, ಕೂತ ಭಂಗಿ ಎರಡೂ ಡಿಸ್ಕಿಗೆ ಹೊರೆ. ಪಡೆದ ಬಿಡುವು ಹೊಸಕೋಟೆ ದಾಟುವಷ್ಟರಲ್ಲಿ ಕರಗಿರುತ್ತದೆ. ಕೈಚಿಕಿತ್ಸೆ ಕಲಿತ ಫಿಸಿಯೋಥೆರಪಿಸ್ಟ್ ಜಿಲ್ಲಾ ಕೇಂದ್ರದಲ್ಲೇ ಸಿಕ್ಕರೆ ಅವರೇ ಮೇಲು ಎಂಬುದು ನನ್ನ ಅಭಿಪ್ರಾಯ.

ಬಿಡುವು ಸಿಕ್ಕ ದಿನಗಳಲ್ಲಿ ಮಾಡುವ ಕೆಲಸ ದೊಡ್ಡದೇನಲ್ಲ. ನಡೆಯುವುದು. ಆಸ್ಟ್ರೇಲಿಯಾದಲ್ಲಿ 701 ಜನರ ಮೇಲೆ ನಡೆದ, 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವಾರಕ್ಕೆ ಐದು ದಿನ ಅರ್ಧ ಗಂಟೆಯ ಗುರಿಯಿಟ್ಟು ನಿಧಾನವಾಗಿ ನಡಿಗೆ ಹೆಚ್ಚಿಸಿದವರಲ್ಲಿ ಅರ್ಧದಷ್ಟು ಜನರಿಗೆ ನೋವು ಮರಳಲು 208 ದಿನ ಹಿಡಿಯಿತು, ಸುಮ್ಮನಿದ್ದವರಲ್ಲಿ 112. ಕೆರೆ ಏರಿಯ ಮೇಲೆ ನಡೆಯಲು ಫೀಸು ಕೊಡಬೇಕಾಗಿಲ್ಲ. ಜೊತೆಗೆ ಮಂಡಿ, ಅಂಗೈ ಊರಿ ಒಂದು ಬದಿಯ ಕೈ, ಇನ್ನೊಂದು ಬದಿಯ ಕಾಲು ಚಾಚಿ ಹತ್ತು ಸೆಕೆಂಡ್ ಹಿಡಿಯುವುದು, ಪ್ರತಿ ಬದಿಗೆ ಐದಾರು ಸಲ.

ಬೆಳಗಿನ ಹೊತ್ತಿನ ಬಗ್ಗೆ ಇನ್ನೊಂದು ಮಾತು. ರಾತ್ರಿ ನೀರು ಹೀರಿ ಉಬ್ಬಿದ ಡಿಸ್ಕ್ ಎದ್ದ ಕೂಡಲೇ ಬಗ್ಗುವುದನ್ನು ಸಹಿಸುವುದಿಲ್ಲ. ನಮ್ಮ ಹೆಂಗಸರ ದಿನ ಆರಂಭವಾಗುವುದೇ ಬಗ್ಗಿ ಅಂಗಳ ಗುಡಿಸಿ, ಬಗ್ಗಿ ರಂಗೋಲಿ ಬಿಟ್ಟು, ಕುಕ್ಕರಗಾಲಲ್ಲಿ ಹಾಲು ಕರೆಯುವುದರಿಂದ. ಉದ್ದ ಹಿಡಿಯ ಪೊರಕೆ, ಹಾಲು ಕರೆಯಲು ಒಂದಡಿಯ ಮಣೆ, ಎದ್ದು ಅರ್ಧ ಗಂಟೆಯಾದರೂ ಓಡಾಡಿದ ಮೇಲೆ ಬಗ್ಗುವ ಕೆಲಸ: ಇಷ್ಟನ್ನು ಮನೆಯ ಗಂಡಸರು ಏರ್ಪಾಡು ಮಾಡಿಕೊಟ್ಟರೆ ಎಷ್ಟೋ ಸೊಂಟಗಳು ಉಳಿಯುತ್ತವೆ.

ಭಾರ ಎತ್ತುವ ಲೆಕ್ಕವೂ ಅಳೆದದ್ದಿದೆ. 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಬ್ಬ ಸ್ವಯಂಸೇವಕನ ಡಿಸ್ಕಿನೊಳಗೇ ಒತ್ತಡದ ಮಾಪಕ ಇಟ್ಟು ನೋಡಿದರು. ಒತ್ತಡದ ಅಳತೆಯಾದ ಮೆಗಾಪ್ಯಾಸ್ಕಲ್‌ನಲ್ಲಿ ಹೇಳುವುದಾದರೆ ಮಲಗಿದಾಗ 0.1, ನಿಂತಾಗ 0.5. 20 ಕೆ.ಜಿ.ಯನ್ನು ಬೆನ್ನು ಬಗ್ಗಿಸಿ ಎತ್ತಿದಾಗ 2.3, ಮಂಡಿ ಮಡಿಸಿ ಎತ್ತಿದಾಗ 1.7, ಮೈಗೆ ಅಪ್ಪಿಕೊಂಡು ನಿಂತಾಗ 1.1. ಘಟಕದಿಂದ ಶುದ್ಧ ನೀರು ತರುವ 20 ಲೀಟರಿನ ಕ್ಯಾನಿನ ತೂಕವೂ ಹೆಚ್ಚುಕಡಿಮೆ 20 ಕೆ.ಜಿ. ಅದನ್ನು ಬೈಕಿನ ಮೇಲಿಂದ ಒಂದೇ ಕೈಯಲ್ಲಿ, ಸೊಂಟ ತಿರುಗಿಸಿ ಇಳಿಸುವುದೇ ರೂಢಿ. 10 ಲೀಟರಿನ ಎರಡು ಕ್ಯಾನ್ ಕೊಂಡು, ಮೊದಲು ಪಾದ ತಿರುಗಿಸಿ ಎದುರಾಗಿ ನಿಂತು, ಕೈಗೊಂದರಂತೆ ಹಿಡಿದು ಒಳಗೆ ತನ್ನಿ. ಒಂದನ್ನು ಅಡುಗೆ ಕಟ್ಟೆಯ ಮೇಲೆಯೇ ಇಡಿ, ಮುದ್ದೆಯ ಎಸರಿಗೆ ಅದರಿಂದಲೇ ನೀರು ಬೀಳಲಿ.